ದೊಡ್ಡಕ್ಕನ ಹತ್ತಿಯ ಮೈ

ನಮ್ಮ ಅಂಗಡಿಯ ಟ್ರಯಲ್ ಕೋಣೆಯ ಬಾಗಿಲ ಹಿಂದೆ ಒಂದು ಮೈ ನೇತಾಡುತ್ತಿರುತ್ತದೆ. ಗೊತ್ತಿಲ್ಲದೆ ಒಳಗೆ ಹೋದವರು ಅಯ್ಯಯ್ಯೋ ಎಂದು ಹೊರಗೆ ಓಡಿ ಬಂದದ್ದುಂಟು. ತಲೆಯಿಲ್ಲ, ಕಾಲಿಲ್ಲ, ಕತ್ತಿನಿಂದ ತೊಡೆಯವರೆಗೆ ಒಬ್ಬ ದಪ್ಪ ಹೆಂಗಸಿನ ಮೈ. ಒಳಗೆ ಹತ್ತಿ, ಮೇಲೆ ಮಾಸಲು ಬಿಳಿಯ ಗಟ್ಟಿ ಬಟ್ಟೆ, ಬಿಗಿಯಲು ಒಂಬತ್ತು ಹುಕ್ಕು. ಹೊಲಿದವನು ನಾನೇ. ಮೂವತ್ತೈದು ವರ್ಷ ಕತ್ತರಿ ಹಿಡಿದ ಕೈ ಇದು, ಇಷ್ಟು ಅಚ್ಚುಕಟ್ಟಾದ ಕೆಲಸ ಇನ್ನೊಂದು ಮಾಡಿಲ್ಲ. ಅದನ್ನು ನೋಡಿದಾಗಲೆಲ್ಲ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಯಾಕೆ ಎಂದು ಹೇಳುತ್ತೇನೆ, ಕೇಳಿ.

ನಮ್ಮದು ದಪ್ಪ ಮೈಯವರಿಗೆ ಬಟ್ಟೆ ಹೊಲಿಯುವ ಅಂಗಡಿ. ಕೆಳಗೆ ಮಾರಾಟ, ಮೇಲೆ ಹನ್ನೊಂದು ಮಿಷಿನ್ನು, ಕಿಟಕಿಯ ಪಕ್ಕ ನನ್ನ ಕಟಿಂಗ್ ಮೇಜು. ಬೇರೆ ಕಡೆ ‘ನಿಮ್ಮ ಸೈಜು ಇಲ್ಲ’ ಎಂದು ತಲೆಯಿಂದ ಕಾಲಿನವರೆಗೆ ನೋಡಿ ಕಳಿಸಿದವರೆಲ್ಲ ನಮ್ಮಲ್ಲಿಗೆ ಬರುತ್ತಾರೆ. ಮಿಕ್ಕ ಅಂಗಡಿಗಳವರು ಮಾಡುವುದೇನೆಂದರೆ, ಸಣ್ಣ ಮೈಯ ಪ್ಯಾಟರ್ನನ್ನೇ ನಾಲ್ಕೂ ಕಡೆ ಎಳೆದು ದೊಡ್ಡದು ಮಾಡಿಬಿಡುತ್ತಾರೆ. ಪೆದ್ದರು. ಮೈ ದಪ್ಪಗಾದರೆ ಭುಜದ ಮೂಳೆಯೂ ಉದ್ದವಾಗುತ್ತದೆಯೇ? ಅಂಥ ಬಟ್ಟೆ ಭುಜದಲ್ಲಿ ಜಾರುತ್ತದೆ, ಕಂಕುಳಲ್ಲಿ ಬಿಗಿಯುತ್ತದೆ, ಕೂತರೆ ಗುಂಡಿ ಹಾರುತ್ತದೆ. ನಮ್ಮ ಬಟ್ಟೆ ಹಾಗಲ್ಲ, ಯಾಕೆಂದರೆ ನಮ್ಮಲ್ಲಿ ದೊಡ್ಡಕ್ಕ ಇದ್ದಳು.

ವಯಸ್ಸಿನಲ್ಲಿ ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಆದರೂ ಅಂಗಡಿಗೆಲ್ಲ ದೊಡ್ಡಕ್ಕ, ನನಗೂ ದೊಡ್ಡಕ್ಕ. ಅವಳ ಕೆಲಸ ನಿಲ್ಲುವುದು, ಕೂರುವುದು, ಕೈ ಎತ್ತುವುದು, ಬಗ್ಗುವುದು. ಹೊಸದಾಗಿ ಕತ್ತರಿಸಿದ ಪ್ರತಿ ಕೋಟು, ಪ್ರತಿ ಅಂಗಿ ಮೊದಲು ಅವಳ ಮೈ ಮೇಲೆ ಏರಬೇಕು. ಮರದ ಗೊಂಬೆಗೂ ತೊಡಿಸಬಹುದು, ಆದರೆ ಗೊಂಬೆ ಬಾಯಿ ಬಿಡುವುದಿಲ್ಲ. ಇವಳಿಗೆ ಮೈಯೆಲ್ಲ ಬಾಯಿ. “ಮಾಸ್ಟ್ರೇ, ಕಂಕುಳ ಕೆಳಗೆ ಅರ್ಧ ಇಂಚು ಹಿಡಿಯತ್ತೆ. ಬಸ್ಸಲ್ಲಿ ಕಂಬಿ ಹಿಡ್ಕೊಂಡೋಳು ಹರಿದು ಬಿಡ್ತಾಳೆ” ಎನ್ನುವಳು. ನಾನು ಕೂಗಾಡಿ, ಕತ್ತರಿ ಕುಕ್ಕಿ, ಕೊನೆಗೆ ಅರ್ಧ ಇಂಚು ಬಿಡುತ್ತಿದ್ದೆ. ಹದಿನೆಂಟು ವರ್ಷದಲ್ಲಿ ಅವಳ ಮಾತು ಒಂದು ಸಲವೂ ಸುಳ್ಳಾಗಲಿಲ್ಲ.

ನಗುವುದಂತೂ ಹೇಳಬೇಡಿ. ಅವಳು ನಕ್ಕರೆ ಮೇಜಿನ ಮೇಲಿನ ಗುಂಡುಸೂಜಿಗಳು ಕುಣಿಯುತ್ತಿದ್ದವು. ಮಧ್ಯಾಹ್ನ ನಾಲ್ಕು ಅಂತಸ್ತಿನ ಡಬ್ಬಿ ಬಿಚ್ಚಿ, “ಬನ್ರೋ, ಬರಗಾಲದಲ್ಲಿ ಹುಟ್ಟಿದೋರೆಲ್ಲ ಬನ್ನಿ” ಎಂದು ಎಲ್ಲರಿಗೂ ಹಂಚಿ ತಾನೂ ಉಣ್ಣುತ್ತಿದ್ದಳು. ಮದುವೆಯಾಗಿರಲಿಲ್ಲ. ಅಂಗಡಿಯ ಹಿಂದಿನ ಬೀದಿಯಲ್ಲಿ ನೆಲಮಹಡಿಯ ಒಂದು ಕೋಣೆಯಲ್ಲಿದ್ದಳು.

ಅವಳ ಕೊರತೆ ಒಂದೇ, ಅಮ್ಮ. ಆಕೆ ಎರಡು ಬಸ್ಸು ದಾಟಿ ಹೋಗುವಷ್ಟು ದೂರದಲ್ಲಿ ಮಗನ ಜೊತೆ ಇದ್ದಳು. ನಾಲ್ಕನೇ ಮಹಡಿ, ಲಿಫ್ಟಿಲ್ಲ. ಸೊಂಟ ಮುರಿದ ಮೇಲೆ ಅಮ್ಮನಿಗೆ ಇಳಿಯಲಾಗದು. ಮೊಣಕಾಲು ಹೋದ ಮೇಲೆ ಮಗಳಿಗೆ ಹತ್ತಲಾಗದು. ಆರು ವರ್ಷ ಹೀಗೇ ನಡೆಯಿತು. ಭಾನುವಾರ ಅಮ್ಮ ಕಿಟಕಿಯಲ್ಲಿ, ಮಗಳು ಬೀದಿಯಲ್ಲಿ. ಅಮ್ಮ ಹಗ್ಗಕ್ಕೆ ಚೀಲ ಕಟ್ಟಿ ಇಳಿಬಿಟ್ಟರೆ ಇವಳು ಅದರಲ್ಲಿ ಹಣ್ಣು, ಮಾತ್ರೆ ಇಡುತ್ತಿದ್ದಳು. “ಪುಟ್ಟೀ, ಊಟ ಆಯ್ತೇನೇ?” ಎಂದು ಅಮ್ಮ ಮೇಲಿಂದ ಕೂಗಿದರೆ ಬೀದಿಯೆಲ್ಲ ತಿರುಗಿ ಪುಟ್ಟಿ ಯಾರೆಂದು ನೋಡಿ ಮುಸಿಮುಸಿ ನಗುತ್ತಿತ್ತಂತೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ದೊಡ್ಡಕ್ಕ ತಾನೇ ಹೇಳಿಕೊಂಡು ನಗುವಳು. ಆಮೇಲೆ ಅಮ್ಮನ ಕಣ್ಣೂ ಮಂಜಾಯಿತು. ನಲವತ್ತು ವರ್ಷ ಹಾಸಿಗೆ ದಿಂಬು ಹೊಲಿದು ಸವೆದ ಕಣ್ಣು. ಬೀದಿಯಲ್ಲಿ ಅಗಲವಾದ ನೆರಳೊಂದು ಕಂಡರೆ ಅದು ತನ್ನ ಮಗಳು ಎಂಬಷ್ಟು ಮಾತ್ರ ಆಕೆಗೆ ಕಾಣುತ್ತಿತ್ತು.

“ಒಂದೇ ಒಂದು ಸಲ ಮೇಲೆ ಹತ್ತಿ ಅಮ್ಮನ ಪಕ್ಕ ಕೂರಬೇಕು ಮಾಸ್ಟ್ರೇ” ಎಂದು ದೊಡ್ಡಕ್ಕ ಹೇಳಿದ್ದು ನನಗೆ ನೆನಪಿದೆ. ಅದಾಗಿ ತಿಂಗಳೊಳಗೆ ಮೈ ಕರಗಿಸುವ ಆಪರೇಷನ್ನಿಗೆಂದು ಆಸ್ಪತ್ರೆಗೆ ಸೇರಿದಳು. ಹೊಟ್ಟೆಯೊಳಗಿನ ಅನ್ನದ ಚೀಲದ ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಬಾಳೆಹಣ್ಣಿನಷ್ಟು ಉಳಿಸಿ ಹೊಲಿದರು. ತಿನ್ನುವುದನ್ನು ಕಡಿಮೆ ಮಾಡಿದ್ದರೆ ಸಾಲದಿತ್ತೇ ಎಂದು ನಮ್ಮ ಅಂಗಡಿಯ ಇಸ್ತ್ರಿಯವನು ಕೇಳಿದ. ಅವನ ಬಾಯಿಗೆ ಇಸ್ತ್ರಿ ಹಾಕಬೇಕು ಅನ್ನಿಸಿತು. ಹದಿನೆಂಟು ವರ್ಷ ಉಪವಾಸ, ಪಥ್ಯ, ನಡಿಗೆ, ಪುಡಿ, ಕಷಾಯ ಎಲ್ಲ ಮಾಡಿ ಇಳಿದದ್ದೆಲ್ಲ ಎರಡು ಪಟ್ಟಾಗಿ ಏರಿದ್ದನ್ನು ಟೇಪು ಹಿಡಿದು ಅಳೆದವನು ನಾನು. ಆದರೂ ಹೆದರಿಕೆಯಿತ್ತು. ಕತ್ತರಿಸಿದ ಬಟ್ಟೆ ಮತ್ತೆ ಥಾನಿನ ಸುರುಳಿಗೆ ಸೇರುವುದಿಲ್ಲ, ಅದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಅಮ್ಮನಿಗೆ ಮಾತ್ರ ಮೊಣಕಾಲಿನ ಚಿಕಿತ್ಸೆ ಎಂದು ಸುಳ್ಳು ಹೇಳಿ, ವಾಸಿಯಾಗುವವರೆಗೆ ಭಾನುವಾರ ಫೋನಿನಲ್ಲೇ ಮಾತಾಡುತ್ತಿದ್ದಳು.

ಮೂರು ತಿಂಗಳಿಗೆ ಕೆಲಸಕ್ಕೆ ಬಂದಳು. ಆಮೇಲೆ ಪ್ರತಿ ತಿಂಗಳೂ ಅವಳು ಕರಗುತ್ತಾ ಹೋದಳು. ಐವತ್ತೆಂಟು ಇಂಚಿನ ಸೊಂಟ ಐವತ್ತಾಯಿತು, ನಲವತ್ತಾಯಿತು. ಸಕ್ಕರೆ ಕಾಯಿಲೆಯ ಸೂಜಿ ನಿಂತಿತು. ಬೂಟಿನ ದಾರ ತಾನೇ ಕಟ್ಟಿಕೊಂಡ ದಿನ ನನ್ನನ್ನು ಕರೆದು ತೋರಿಸಿದಳು. ಇನ್ನೊಂದು ದಿನ ಬಂದು, “ಬಸ್ಸಲ್ಲಿ ನನ್ನ ಪಕ್ಕ ಒಬ್ರು ಬಂದು ಕೂತ್ರು ಮಾಸ್ಟ್ರೇ. ನಿಟ್ಟುಸಿರು ಬಿಡಲಿಲ್ಲ, ಎದ್ದೂ ಹೋಗಲಿಲ್ಲ” ಎಂದಳು.

ಹಾಗೆಂದು ಎಲ್ಲವೂ ಸುಖವಾಗಿರಲಿಲ್ಲ. ನಾಲ್ಕು ಅಂತಸ್ತಿನ ಡಬ್ಬಿ ಹೋಗಿ ಮುಚ್ಚಳದ ಒಂದು ಬಟ್ಟಲು ಬಂತು. ಮೂರು ಚಮಚ ಮೊಸರು, ಅರ್ಧ ಮೊಟ್ಟೆ. ನಾಲ್ಕನೇ ಚಮಚ ಇಟ್ಟರೆ ಎದೆಯಲ್ಲಿ ಕಲ್ಲು ಕೂತ ಹಾಗಾಗುತ್ತಿತ್ತು, ನುಂಗುವ ಹಾಗಿಲ್ಲ ಉಗುಳುವ ಹಾಗಿಲ್ಲ. ಒಂದು ತುಂಡು ಸಿಹಿ ಬಾಯಿಗೆ ಹಾಕಿದರೆ ಬೆವರು, ಎದೆ ಬಡಿತ, ತಲೆ ಸುತ್ತು. ಕೂದಲು ಬಾಚಣಿಗೆಗೆ ಗೊಂಚಲಾಗಿ ಬರುತ್ತಿತ್ತು. ಹೊಟ್ಟೆಯ ಚರ್ಮ ಖಾಲಿ ಚೀಲದಂತೆ ಜೋತಿತ್ತು. ಊಟದ ಹೊತ್ತಿಗೆ ಎಲ್ಲರೊಡನೆ ಕೂರುವುದನ್ನು ಬಿಟ್ಟಳು. “ಅವರು ಉಣ್ಣೋದನ್ನ ನೋಡ್ತಾ ಕೂತ್ರೆ ಅವರಿಗೂ ಇಳಿಯಲ್ಲ, ನನಗೂ ಇಳಿಯಲ್ಲ” ಎನ್ನುತ್ತಿದ್ದಳು. ಹಳೆಯ ಗಿರಾಕಿಯೊಬ್ಬಳು, ಅವಳೂ ದೊಡ್ಡ ಮೈಯವಳೇ, ಇವಳನ್ನು ಕಂಡು, “ನೀನೂ ನಮ್ಮ ಕೈ ಬಿಟ್ಟೆ ಅಲ್ವಾ?” ಎಂದು ಕೇಳಿ ಹೊರಟು ಹೋದಳು. ಆನೆಗೆ ಆನೆ ಭಾರ, ಇರುವೆಗೆ ಇರುವೆ ಭಾರ. ಆನೆ ಇರುವೆಯಾದರೆ ಯಾವ ಭಾರ ಹೊರಬೇಕೋ ಯಾರೂ ಹೇಳಿಲ್ಲ.

ಒಂಬತ್ತನೇ ತಿಂಗಳಿಗೆ ನಮ್ಮ ಯಾವ ಬಟ್ಟೆಯೂ ಅವಳ ಮೈ ಮೇಲೆ ನಿಲ್ಲದಾಯಿತು. ಅಂಗಡಿಯ ಒಡತಿಯನ್ನು ನಾವು ಮೇಡಂ ಎನ್ನುತ್ತೇವೆ. ಕೆಟ್ಟವಳಲ್ಲ, ಆದರೆ ಒಂದು ಸಲ ಹಿಡಿದದ್ದನ್ನು ಬಿಡುವವಳೂ ಅಲ್ಲ. ನನ್ನನ್ನು ಕರೆದು, “ದೊಡ್ಡಕ್ಕನನ್ನ ನಾನು ಬಿಡೋಳಲ್ಲ. ಅವಳ ಅಳತೇನೂ ಬಿಡೋಳಲ್ಲ. ಗಿರಾಕಿಗಳು ಅದಕ್ಕೇ ಬರೋದು. ಅವಳ ಹಳೇ ಮೈಯನ್ನ ಹೊಲಿದುಕೊಡಿ ಮಾಸ್ಟ್ರೇ, ಅವಳೇ ಹಾಕ್ಕೊಳ್ಳಲಿ” ಎಂದಳು. ನಾನು ಬೇಡ ಎನ್ನಬಹುದಿತ್ತು. ಅನ್ನಲಿಲ್ಲ. ನಿಜ ಹೇಳುತ್ತೇನೆ, ಕೈ ತುರಿಸಿತು. ಅಂಥದ್ದನ್ನು ಯಾರೂ ಹೊಲಿದಿರಲಿಲ್ಲ.

ಅವಳ ಹಳೆಯ ಮೈ ನನ್ನ ಹತ್ತಿರವೇ ಇತ್ತು, ರಟ್ಟಿನಲ್ಲಿ. ಹದಿನೆಂಟು ವರ್ಷದ ಪ್ಯಾಟರ್ನುಗಳು ಗೋಡೆಯ ಮೊಳೆಗಳಲ್ಲಿ ತೂಗುತ್ತಿದ್ದವು, ಪ್ರತಿಯೊಂದರ ಮೇಲೂ ‘ದೊಡ್ಡಕ್ಕ’ ಎಂದು ನನ್ನ ಕೈಬರಹ. ಎಲ್ಲವನ್ನೂ ಇಳಿಸಿ, ಜೋಡಿಸಿ, ಎರಡು ವಾರ ಕೂತೆ. ಬರೀ ಹತ್ತಿ ತುಂಬಿದರೆ ಕಲ್ಲಿನಂತೆ ನಿಲ್ಲುತ್ತದೆ. ಮೈ ಎಂದ ಮೇಲೆ ಕೂತಾಗ ಹರಡಬೇಕು, ಎದ್ದಾಗ ಇಳಿಯಬೇಕು. ಅದಕ್ಕೆ ಸೊಂಟದಲ್ಲೂ ಹೊಟ್ಟೆಯಲ್ಲೂ ಸಾಸಿವೆ ತುಂಬಿದ ಸಣ್ಣ ಸಣ್ಣ ಚೀಲ ಇಟ್ಟೆ. ಒಟ್ಟು ಎಂಟು ಕಿಲೋ ಆಯಿತು. ಒಂಬತ್ತು ಹುಕ್ಕನ್ನೂ ಬೆನ್ನಿನಲ್ಲಿಟ್ಟೆ.

ತೊಡಿಸಿದಾಗ ಮಿಷಿನ್ನಿನ ಹೆಂಗಸರೆಲ್ಲ ಎದ್ದು ಬಂದು ಚಪ್ಪಾಳೆ ತಟ್ಟಿದರು. “ನಮ್ಮ ದೊಡ್ಡಕ್ಕ ವಾಪಸ್ ಬಂದ್ಲು” ಎಂದು ಮೇಡಂ ಕುಣಿದಾಡಿದಳು. ದೊಡ್ಡಕ್ಕ ಕನ್ನಡಿಯ ಮುಂದೆ ನಿಂತಿದ್ದಳು. ನಗಲಿಲ್ಲ. “ಎಲ್ಲಿ ಹಿಡಿಯತ್ತೆ ಅಂತ ಗೊತ್ತಾಗಲ್ಲ ಮಾಸ್ಟ್ರೇ. ಹತ್ತಿಗೆ ಏನು ಗೊತ್ತಾಗತ್ತೆ?” ಎಂದಳು. ನಂತರ, “ಹುಕ್ಕು ಮುಂದಿಟ್ಟಿದ್ರೆ ನಾನೇ ಹಾಕ್ಕೊಂಡು ನಾನೇ ಬಿಚ್ಕೋತಿದ್ದೆ” ಎಂದಳು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. “ಮುಂದಿಟ್ಟರೆ ಎದೆ ಮೇಲೆ ಉಬ್ಬಿ ಫಿಟಿಂಗೇ ಕೆಡತ್ತೆ. ನಿನ್ನ ಕೆಲಸ ನೀನು ಮಾಡು, ನನ್ನ ಕೆಲಸ ನನಗೆ ಬಿಡು” ಎಂದು ರೇಗಿದೆ. ಅವಳು ಮತ್ತೆ ಆ ಮಾತೆತ್ತಲಿಲ್ಲ.

ಅದೇ ವಾರದ ಭಾನುವಾರ ಅವಳು ಮೆಟ್ಟಿಲು ಹತ್ತಿದಳು. ಆರು ವರ್ಷದ ಆಸೆ. ತಿಂಗಳುಗಟ್ಟಲೆ ಅಂಗಡಿಯ ಮೆಟ್ಟಿಲಲ್ಲಿ ಅಭ್ಯಾಸ ಮಾಡಿದ್ದಳು. ಸೋಮವಾರ ಅವಳ ಮುಖ ನೋಡಿದ ಕೂಡಲೇ ಏನೋ ಎಡವಟ್ಟಾಗಿದೆ ಎಂದು ತಿಳಿಯಿತು. ಬಾಗಿಲು ತೆರೆದು “ಅಮ್ಮಾ” ಎಂದು ಹೋಗಿ ತಬ್ಬಿಕೊಂಡಳಂತೆ. ಅಮ್ಮನ ಕೈ ಇವಳ ಬೆನ್ನ ಮೇಲೆ ಆಡಿತು, ಮೂಳೆಗೆ ತಾಗಿತು. ಮುದುಕಿ ಕಿಟಾರನೆ ಕಿರುಚಿ ದೂಡಿಬಿಟ್ಟಳು. “ನಿಂಗೂ ಬಂತಾ? ನಿಮ್ಮಪ್ಪನಿಗೆ ಬಂದದ್ದು ನಿಂಗೂ ಬಂತಾ?” ದೊಡ್ಡಕ್ಕನ ಅಪ್ಪ ಹೀಗೇ ದಿನದಿನಕ್ಕೂ ಕರಗಿ, ಎಲುಬಿನ ಗೂಡಾಗಿ ಸತ್ತವನು. ಅವನೂ ಕೊನೆಯವರೆಗೆ ನಾನು ಚೆನ್ನಾಗಿದ್ದೀನಿ ಎಂದೇ ಹೇಳುತ್ತಿದ್ದನಂತೆ. ಇವಳು ಆಪರೇಷನ್ ವಿಷಯ ಬಾಯಿಬಿಟ್ಟು ಹೇಳಿದರೂ ಅಮ್ಮ ನಂಬಲಿಲ್ಲ. ಆಮೇಲೆ ಸರಿಯಾಗಿ ಅನ್ನ ಮುಟ್ಟಲಿಲ್ಲ, ಜ್ವರ ಬಂತು, ತಮ್ಮ ಫೋನ್ ಮಾಡಿ ಗಾಬರಿಪಟ್ಟ.

ಶನಿವಾರ ಸಂಜೆ ದೊಡ್ಡಕ್ಕ ನನ್ನ ಮೇಜಿನ ಹತ್ತಿರ ಬಂದು ನಿಂತಳು. “ಮಾಸ್ಟ್ರೇ, ನಾಳೆ ಒಂದು ದಿನ ಆ ಮೈ ಬೇಕು.”

“ಹುಚ್ಚು ಹಿಡಿದಿದೆಯಾ ನಿಂಗೆ?”

“ಅಮ್ಮ ಉಣ್ತಿಲ್ಲ ಮಾಸ್ಟ್ರೇ.”

ಭಾನುವಾರ ಅಂಗಡಿಯ ಬೀಗ ತೆಗೆದು ಒಂಬತ್ತು ಹುಕ್ಕು ಹಾಕಿ ಕಳಿಸಿದೆ. ಮೇಲೆ ಅವಳ ಹಳೆಯ ಉದ್ದ ಕೋಟು. ಔಷಧಿಯಿಂದ ಮೈ ಮತ್ತೆ ತುಂಬಿತು, ಮುಖವೊಂದು ಬಾಕಿ ಎಂದು ಅಮ್ಮನಿಗೆ ಹೇಳಿದಳಂತೆ. ಅಮ್ಮ ಮಗಳ ಸೊಂಟ ಬಳಸಿ ಕೂತು ಊಟ ಮಾಡಿದಳು. ಆಮೇಲೆ ಪ್ರತಿ ಭಾನುವಾರವೂ ಅದೇ ಆಯಿತು. ವಾರದಲ್ಲಿ ಆರು ದಿನ ಮೇಡಂಗಾಗಿ, ಏಳನೆಯ ದಿನ ಅಮ್ಮನಿಗಾಗಿ. ತನ್ನ ಮೈಯಲ್ಲಿ ತಾನಿರಲು ಅವಳಿಗೆ ಒಂದು ದಿನವೂ ಉಳಿಯಲಿಲ್ಲ.

ಒಂದು ಬುಧವಾರ ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೆಳಗೆ ಹೋಗಿದ್ದರು. ದೊಡ್ಡ ಗಿರಾಕಿಯೊಬ್ಬರು ಬರುವರೆಂದು ಮೇಡಂ ಅವಳಿಗೆ ಹತ್ತಿಯ ಮೈ ಬಿಚ್ಚಬೇಡ ಎಂದಿದ್ದಳು. ನಾನು ಬಟ್ಟೆ ತರಲು ಹೋಗಿದ್ದೆ. ಬಂದು ಟ್ರಯಲ್ ಕೋಣೆ ತೆರೆದರೆ ದೊಡ್ಡಕ್ಕ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಾಳೆ. ಮುಖ ಸುಣ್ಣ, ಬೆವರು ಧಾರಾಕಾರ, ಎರಡೂ ಕೈ ಬೆನ್ನ ಹಿಂದೆ. ಪಕ್ಕದಲ್ಲಿ ಅರ್ಧ ತಿಂದ ಒಂದು ತುಂಡು ಕೇಕು. ಯಾರದೋ ಹುಟ್ಟುಹಬ್ಬದ್ದು, ಕೊಟ್ಟರು, ಬೇಡ ಎನ್ನಲಾಗದೆ ತಿಂದಿದ್ದಳು. ಓಡಿ ಹೋಗಿ ಹುಕ್ಕು ಬಿಚ್ಚಿದೆ. ಒಳಗಿನ ಅಂಗಿ ಹಿಂಡಿದರೆ ನೀರು ಬರುವಂತಿತ್ತು.

“ಕೂಗಬಾರದಿತ್ತಾ?” ಎಂದು ಗದರಿದೆ.

“ಏನಂತ ಕೂಗಲಿ ಮಾಸ್ಟ್ರೇ? ನನ್ನನ್ನ ನನ್ನಿಂದ ಬಿಡಿಸಿ ಅಂತಾನಾ?” ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅಳತೊಡಗಿದಳು. “ಆಪರೇಷನ್ ಮಾಡಿಸ್ಕೊಂಡಿದ್ದಕ್ಕೆ ಪಶ್ಚಾತ್ತಾಪ ಇಲ್ಲ. ನನ್ನ ಕಾಲು ನನ್ನ ಮಾತು ಕೇಳತ್ತೆ. ಆದ್ರೆ ಯಾರಿಗೂ ನಾನು ಬೇಡ, ಎಲ್ಲರಿಗೂ ಇದೇ ಬೇಕು. ಒಂದೇ ಒಂದು ಸಲ ಅಮ್ಮ ಈ ಮೈಯನ್ನ ಮುಟ್ಟಿ ಹೆದರದೇ ಇದ್ರೆ, ಮೇಡಂದು ಹೇಗೋ ತಡ್ಕೋತೀನಿ.”

ಮುಂದಿನ ಭಾನುವಾರ ಅವಳನ್ನು ಒಬ್ಬಳನ್ನೇ ಕಳಿಸಲು ನನಗೆ ಧೈರ್ಯ ಬರಲಿಲ್ಲ. ದಾರಿಯಲ್ಲಿ ತಲೆ ಸುತ್ತಿದರೆ ಹುಕ್ಕು ಬಿಚ್ಚುವವರು ಯಾರು? ಜೊತೆಗೆ ಹೋದೆ. ಮೆಟ್ಟಿಲಲ್ಲಿ ಎರಡನೇ ಮಹಡಿಗೇ ನನಗೆ ಏದುಸಿರು. ಅವಳು ಎಂಟು ಕಿಲೋ ಹೊತ್ತುಕೊಂಡು ಎಲ್ಲೂ ನಿಲ್ಲದೆ ನಾಲ್ಕೂ ಮಹಡಿ ಹತ್ತಿ, ಮೇಲಿಂದ ಬಗ್ಗಿ, “ಬನ್ನಿ ಮಾಸ್ಟ್ರೇ, ಇನ್ನೇನು ಬಂತು” ಎಂದು ಕರೆದಳು. ಎಷ್ಟೋ ತಿಂಗಳ ಮೇಲೆ ಅವಳ ಮುಖದಲ್ಲಿ ಹಳೆಯ ನಗು ಕಂಡೆ.

ಅಮ್ಮ ಕಿಟಕಿಯ ಪಕ್ಕ ಮಂಚದ ಮೇಲೆ ಕೂತಿದ್ದಳು, ಹಿಡಿಯಷ್ಟು ಮುದುಕಿ. ತಮ್ಮನೂ ಅವನ ಹೆಂಡತಿಯೂ ಪೇಟೆಗೆ ಹೋಗಿದ್ದರು. “ಇವರು ನಮ್ಮ ಅಂಗಡಿ ಮಾಸ್ಟ್ರು” ಎಂದು ದೊಡ್ಡಕ್ಕ ಪರಿಚಯ ಮಾಡಿಸಿ, ಅಮ್ಮನ ಪಕ್ಕ ಕೂತಳು. ಮುದುಕಿ ರೂಢಿಯಂತೆ ಅವಳ ಸೊಂಟದ ಮೇಲೆ ಕೈ ಇಟ್ಟಳು. ಆಮೇಲೆ ನನ್ನ ಕಡೆ ಮುಖ ತಿರುಗಿಸಿ ಕೇಳಿದಳು: “ನೀವೇನಪ್ಪಾ ಇದನ್ನ ಹೊಲಿದೋರು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ನಿಂತೆ.

“ನಲವತ್ತು ವರ್ಷ ಹತ್ತಿ ತುಂಬಿದ ಕೈ ಕಣೇ ಇದು ಪುಟ್ಟಿ” ಎಂದಳು ಅಮ್ಮ. “ಮೊದಲನೇ ದಿನವೇ ಗೊತ್ತಾಯ್ತು. ನೀನು ಕೂತಾಗ ಸಾಸಿವೆ ಸರಿಯೋ ಸದ್ದು ಬೇರೆ.”

“ಗೊತ್ತಿದ್ದೂ ಯಾಕಮ್ಮಾ ಸುಮ್ಮನಿದ್ದೆ?”

“ಇಷ್ಟು ಭಾರ ಹೊತ್ಕೊಂಡು ಮೆಟ್ಟಿಲು ಹತ್ತಿ ಬಂದ್ಯಲ್ಲ, ನಿಂತು ಸುಧಾರಿಸಿಕೊಳ್ಳೋ ಸದ್ದೂ ಕೇಳಲಿಲ್ಲ. ಸಾಯೋಳು ಹಾಗೆ ಹತ್ತಲ್ಲ ಅಂತ ಅಂದ್ಕೊಂಡೆ. ಆವತ್ತಿಂದ ಊಟ ಸೇರ್ತಿದೆ.”

ದೊಡ್ಡಕ್ಕನ ಕಣ್ಣಲ್ಲಿ ನೀರು ತುಂಬಿತು. ನನ್ನ ಕಡೆ ಬೆನ್ನು ತಿರುಗಿಸಿ, “ಬಿಚ್ಚಿ ಮಾಸ್ಟ್ರೇ” ಎಂದಳು. ಒಂಬತ್ತೂ ಹುಕ್ಕು ಬಿಚ್ಚಿದೆ. ಹತ್ತಿಯ ಮೈ ಮಂಚದ ಮೇಲೆ ಒರಗಿತು. ಅವಳು ತೆಳು ಅಂಗಿಯಲ್ಲಿ ಅಮ್ಮನ ಮುಂದೆ ನೆಲದ ಮೇಲೆ ಕೂತು, ಆಕೆಯ ಎರಡೂ ಕೈ ತೆಗೆದು ತನ್ನ ಭುಜದ ಮೇಲೆ ಇಟ್ಟುಕೊಂಡಳು. “ನೋಡಮ್ಮಾ. ಇದು ನಾನೇ.”

ಮುದುಕಿಯ ಬೆರಳು ಭುಜದಿಂದ ಬೆನ್ನಿಗೆ ಹೋಯಿತು. ಹೆಗಲ ಮೂಳೆ, ಪಕ್ಕೆಲುಬು, ಒಂದೊಂದಾಗಿ. ನಾನು ಮನಸ್ಸಿನಲ್ಲೇ, ತಾಯೀ, ಒಂದು ಮಾತು ಹೇಳು, ಒಂದೇ ಮಾತು ಎಂದು ಬೇಡುತ್ತಿದ್ದೆ. ಬೆರಳು ಬೆನ್ನಹುರಿಯ ಹತ್ತಿರ ನಿಂತಿತು. ಆಕೆ ಕೈಯನ್ನು ಹಿಂದಕ್ಕೆ ಎಳೆದು ಸೆರಗಿನಲ್ಲಿ ಮುಚ್ಚಿಕೊಂಡಳು.

“ನೀನು ಚೆನ್ನಾಗಿದ್ದೀಯ. ತಲೆಗೆ ಗೊತ್ತಾಯ್ತು ಕಣೇ. ಈ ಹಾಳು ಕೈಗೆ ಗೊತ್ತಾಗಲ್ಲ. ಕೈಗೆ ನಿಮ್ಮಪ್ಪನ ಬೆನ್ನೇ ಸಿಗತ್ತೆ.” ನಂತರ ಸಣ್ಣ ದನಿಯಲ್ಲಿ, “ಅದನ್ನ ಹಾಕ್ಕೋ ಪುಟ್ಟಿ. ನಾನು ಹೋಗೋ ತನಕ ಹಾಕ್ಕೊಂಡು ಬಾ. ನಿನ್ನ ದಮ್ಮಯ್ಯ” ಎಂದಳು.

ದೊಡ್ಡಕ್ಕ ಎದ್ದು ನಿಂತು ಎರಡೂ ತೋಳು ಚಾಚಿದಳು. ನಾನು ತೊಡಿಸಿ ಹುಕ್ಕು ಹಾಕಿದೆ. ಒಂದೊಂದು ಹುಕ್ಕು ಹಾಕುವಾಗಲೂ ಅವಳ ಬೆನ್ನು ಬಿಗಿಯಾಗುವುದು ನನ್ನ ಬೆರಳಿಗೆ ತಿಳಿಯುತ್ತಿತ್ತು. ಮುದುಕಿ ಅವಳನ್ನು ಬಳಸಿಕೊಂಡು ಸಮಾಧಾನವಾದ ಮೇಲೆ ನನಗೆ ಹೇಳಿದಳು: “ಕೆಲಸ ಚೆನ್ನಾಗಿದೆ ಮಾಸ್ಟ್ರೇ. ಬಲಗಡೆ ಸೊಂಟದಲ್ಲಿ ಮಾತ್ರ ಒಂದು ಹಿಡಿ ಹತ್ತಿ ಹೆಚ್ಚಾಗಿದೆ. ನನ್ನ ಮಗಳಿಗೆ ಹುಟ್ಟಿದಾಗಿಂದ ಬಲಗಡೆ ಕಮ್ಮಿ. ತೆಗೆದುಬಿಡಿ.”

ಮನೆಗೆ ಬಂದು ಯೋಚಿಸಿದೆ. ನಾವು ಕಟಿಂಗಿನವರು ಬಟ್ಟೆಯನ್ನು ಮಡಿಸಿ ಅರ್ಧ ಮೈಯನ್ನೇ ಕತ್ತರಿಸುತ್ತೇವೆ. ಮಡಿಕೆ ಬಿಚ್ಚಿದರೆ ಇನ್ನರ್ಧ ತಾನಾಗಿ ಬರುತ್ತದೆ. ನನ್ನ ರಟ್ಟುಗಳಲ್ಲಿ ಇದ್ದದ್ದು ಅವಳ ಎಡಮಗ್ಗುಲು ಮಾತ್ರ. ಹದಿನೆಂಟು ವರ್ಷ ಅವಳನ್ನು ಅಳೆದೆ ಎಂದು ಜಂಬ ಕೊಚ್ಚಿಕೊಂಡವನು ಅವಳ ಬಲಮಗ್ಗುಲನ್ನು ನೋಡಿಯೇ ಇರಲಿಲ್ಲ. ನನಗೆ ಆಗ ಆದ ನಾಚಿಕೆ ಹೇಳತೀರದು.

ಸೋಮವಾರ ಎಲ್ಲರಿಗಿಂತ ಮೊದಲು ಅಂಗಡಿಗೆ ಹೋದೆ. ಬಲ ಸೊಂಟದ ಹೊಲಿಗೆ ಬಿಚ್ಚಿ ಒಂದು ಹಿಡಿ ಹತ್ತಿ ತೆಗೆದೆ. ನಂತರ ಬೆನ್ನಿನ ಒಂಬತ್ತು ಹುಕ್ಕನ್ನೂ ಕಿತ್ತು, ಬೆನ್ನನ್ನು ಹೊಲಿದು ಮುಚ್ಚಿ, ಎದೆಯ ನಡುವೆ ಸೀಳಿ ಅಲ್ಲಿ ಹುಕ್ಕು ಹಾಕಿದೆ. ನನ್ನ ಒಳ್ಳೆಯ ಕೆಲಸ ನನ್ನ ಕೈಯಾರೆ ಕೆಟ್ಟಿತು. ಮೇಡಂ ನೋಡಿ ಹೌಹಾರಿದಳು. “ಫಿಟಿಂಗ್ ಕೆಡಲ್ವಾ ಮಾಸ್ಟ್ರೇ?”

“ಕೆಡತ್ತೆ” ಎಂದೆ. “ಬೇಕಾದರೆ ನನ್ನನ್ನ ಬಿಡಿಸಿ, ಬೇರೆ ಮಾಸ್ಟ್ರನ್ನ ಇಟ್ಕೊಳ್ಳಿ.”

ದೊಡ್ಡಕ್ಕ ಒಂಬತ್ತಕ್ಕೆ ಬಂದಳು. ಕಣ್ಣು ಊದಿತ್ತು. ಬಾಗಿಲ ಹಿಂದಿನಿಂದ ಅದನ್ನು ತೆಗೆದುಕೊಂಡಳು, ರೂಢಿಯಂತೆ ನನ್ನ ಕಡೆ ಬೆನ್ನು ತಿರುಗಿಸಿ ನಿಂತಳು. ನಾನು ಮೇಜಿನಿಂದ ಏಳಲಿಲ್ಲ. ಅವಳ ಕೈ ಬೆನ್ನ ಹಿಂದೆ ಹುಡುಕಿತು, ಸಿಗಲಿಲ್ಲ, ಮುಂದಕ್ಕೆ ಬಂತು. ಕೆಳಗಿನಿಂದ ಒಂದೊಂದಾಗಿ ಒಂಬತ್ತೂ ಹುಕ್ಕು ಹಾಕಿದಳು. ಹಾಕಿ, ಒಂಬತ್ತನ್ನೂ ಬಿಚ್ಚಿದಳು. ಮತ್ತೆ ಹಾಕಿದಳು. ಆಮೇಲೆ ಬಲ ಸೊಂಟದ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ಕನ್ನಡಿ ನೋಡಿದಳು.

“ಈಗ ಥೇಟ್ ನನ್ನ ಹಾಗೇ ಇದೆ ಮಾಸ್ಟ್ರೇ” ಎಂದಳು. ದನಿಯಲ್ಲಿ ನಗುವಿತ್ತೋ ಅಳುವಿತ್ತೋ ನನಗೆ ತಿಳಿಯಲಿಲ್ಲ. “ಕೊಡಿ, ಇವತ್ತು ಯಾವ ಕೋಟು?”

ನಾನು ಕೋಟು ಕೊಟ್ಟೆ.